622 ನೋಡಿದೆ, 15 ನೋಡಲಿಲ್ಲ

ಕುಮಟಾದಲ್ಲಿ ನನ್ನದೊಂದು ಸಣ್ಣ ಸೈಕಲ್ ರಿಪೇರಿ ಅಂಗಡಿ. ಮಳೆಗಾಲ ಮುಗಿದ ಕೂಡಲೇ ಕೆಲಸ ಜಾಸ್ತಿ. ನಾಲ್ಕು ತಿಂಗಳು ಜಗಲಿಯಲ್ಲಿ ಒರಗಿ ನಿಂತ ಸೈಕಲ್ಲುಗಳೆಲ್ಲ ಚೈನಿಗೆ ತುಕ್ಕು ಹತ್ತಿಸಿಕೊಂಡು ಬರುತ್ತವೆ. ಅಂಥ ದಿನಗಳಲ್ಲೇ ಮಾಸ್ತರರೊಬ್ಬರು ಒಂದು ಹೈಬ್ರಿಡ್ ಸೈಕಲ್ ತಂದರು. ಸೆಕೆಂಡ್ ಹ್ಯಾಂಡ್ ಮಾಲು. ಹಿಂದಿನವನು ಅದಕ್ಕೆ ಎಲ್ಲಿಂದಲೋ ರೇಸ್ ಸೈಕಲ್ಲಿನ ಚಕ್ರ ತಂದು ಹಾಕಿಸಿದ್ದ. ಟೈರ್ ಬರೀ 25 ಮಿಲಿಮೀಟರ್, ಹೆಬ್ಬೆರಳಿನಷ್ಟು ದಪ್ಪ.

"ರಸ್ತೆಯ ಹೊಂಡ ನೋಡಿದ್ದೀಯಲ್ಲ ಮಾರಾಯ. ಬೆನ್ನು ಉಳಿಯಬೇಕು ಅಂದ್ರೆ ಇದಕ್ಕೊಂದು ದಪ್ಪ ಟೈರ್ ಹಾಕಿಕೊಡು" ಅಂದರು.

ಟೈರಿನ ಪಕ್ಕದಲ್ಲಿ 25-622 ಅಂತಿತ್ತು. ಮೊದಲನೆಯದು ಟೈರಿನ ಅಗಲ. ಎರಡನೆಯದು ಟೈರಿನ ಒಳಅಂಚಿನ ತಂತಿ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ 42-622 ಒಂದು ಜೊತೆ ಇತ್ತು. 622ಕ್ಕೆ 622 ಸರಿಹೋಯಿತು. ಫೋರ್ಕಿನ ಸಂದು ನೋಡಿದೆ, ಬ್ರೇಕಿನ ಸಂದು ನೋಡಿದೆ. ಎಲ್ಲ ಕಡೆ ಜಾಗ ಇತ್ತು. ಹಾಕಿಬಿಟ್ಟೆ.

ಈ 622, 590 ಅನ್ನೋ ನಂಬರುಗಳ ಮೇಲೆ ನನಗೆ ಆಗ ಭಾರೀ ಭರವಸೆ. ಕಾರಣ ಹಿಂದೊಮ್ಮೆ ಬಿದ್ದ ಪೆಟ್ಟು. ಅಕ್ಕೋರೊಬ್ಬರ ಲೇಡೀಸ್ ಸೈಕಲ್ಲಿಗೆ ಅಂತ ಹುಬ್ಬಳ್ಳಿಗೆ ಫೋನ್ ಮಾಡಿ "26ರ ಟೈರ್ ಕಳಿಸಿ" ಅಂದಿದ್ದೆ. ಬಸ್ಸಿನಲ್ಲಿ ಬಂತು. ಅರ್ಧ ಗಂಟೆ ಟೈರ್ ಲಿವರ್ ಹಾಕಿ ಎಳೆದಾಡಿದರೂ ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಅವರ ರಿಮ್ 26 × 1 3/8ರದ್ದು, ಅಂದರೆ 590. ಬಂದದ್ದು 26 × 1.75, ಅಂದರೆ 559. ಎರಡಕ್ಕೂ ಹೆಸರು 26 ಇಂಚು. ಇನ್ನೂ ತಮಾಷೆ ಅಂದರೆ 26 × 1 3/4 ಅಂತಲೂ ಒಂದಿದೆ, ಅದು 571. ಶಾಲೆಯ ಲೆಕ್ಕದಲ್ಲಿ 1.75, 1 3/4 ಎರಡೂ ಒಂದೇ ಅಲ್ವಾ? ಟೈರಿನಲ್ಲಿ ಅಲ್ಲ. ಹಾಗೆಯೇ ನಮ್ಮ ಹಳೆಯ ದೊಡ್ಡ ಸೈಕಲ್ಲಿನ 28 × 1 1/2 ಇದೆಯಲ್ಲ, ಅದು 635. ಅದಕ್ಕೆ ಈಗಿನ 700ರ ಟೈರ್, ಅಂದರೆ 622ರದ್ದು, ಕೂರುವುದಿಲ್ಲ.

ಹೀಗೆ ವ್ಯಾಸದ ಪಾಠ ಚೆನ್ನಾಗಿ ಕಲಿತಿದ್ದೆ. ಅಗಲದ ಪಾಠ ಬಾಕಿ ಇತ್ತು.

ಮಾಸ್ತರರು ಮುಂದಿನ ಭಾನುವಾರ ಶಿರಸಿಗೆ ಹೊರಟರು. ದೇವಿಮನೆ ಘಟ್ಟ ಹತ್ತುವಾಗ ಏನೂ ತೊಂದರೆ ಇಲ್ಲ. ಹೊಂಡ ಗೊತ್ತೇ ಆಗಲಿಲ್ಲವಂತೆ, ಮನಸ್ಸಿನಲ್ಲೇ ನನ್ನನ್ನು ಹೊಗಳಿದರಂತೆ. ವಾಪಸ್ ಇಳಿಯುವಾಗ ಆಟ ಶುರುವಾಯಿತು. ತಿರುವಿನಲ್ಲಿ ಸೈಕಲ್ ವಾಲಿಸಿದರೆ ಟೈರ್ ಒಂದು ಕಡೆ, ರಿಮ್ ಒಂದು ಕಡೆ. "ದೋಣಿಯಲ್ಲಿ ಎದ್ದು ನಿಂತ ಹಾಗಿತ್ತು" ಅಂದರು. ಕೊನೆಗೆ ಇಳಿದು, ಕತಗಾಲದ ಕಡೆಯ ಸಪಾಟು ರಸ್ತೆ ಸಿಗುವವರೆಗೆ ಸೈಕಲ್ ತಳ್ಳಿಕೊಂಡೇ ಬಂದಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಕ್ರ ಬಿಚ್ಚಿ, ಟೈರ್ ತೆಗೆದು ನೋಡಿದೆ. ರಿಮ್ಮಿನ ಮೇಲೇ 622×15C ಅಂತ ಬರೆದಿತ್ತು. ಆ 15 ಅನ್ನುವುದು ರಿಮ್ಮಿನ ಒಳಅಗಲ, ಎರಡು ಗೋಡೆಗಳ ನಡುವಿನ ಜಾಗ. ಕ್ಯಾಲಿಪರ್ ಹಿಡಿದು ಅಳೆದೆ, 15 ಮಿಲಿಮೀಟರೇ. ಹೊರಗಿಂದ ಹಿಡಿದರೆ 20ರ ಹತ್ತಿರ ಬರುತ್ತಿತ್ತು, ಅದನ್ನು ನಂಬಬಾರದು. ಟೈರ್ ಕೂರುವುದು ಒಳಗೆ.

ಟೈರಿನ ಅಗಲ ಈ ಒಳಅಗಲದ ಸುಮಾರು 1.4ರಿಂದ 2.2 ಪಟ್ಟು ಇದ್ದರೆ ಒಳ್ಳೆಯದು. 15ಕ್ಕೆ ಲೆಕ್ಕ ಹಾಕಿದರೆ 21ರಿಂದ 33. ನಾನು ಹಾಕಿದ್ದು 42, ಹತ್ತಿರ ಹತ್ತಿರ ಮೂರು ಪಟ್ಟು! ಹಳೆಯ ಗುಂಡು ಬಲ್ಬು ಹೋಲ್ಡರಿನಲ್ಲಿ ಕೂತ ಹಾಗೆ ಟೈರ್ ಬುಡದಲ್ಲಿ ಸಣ್ಣ, ಮೇಲೆ ದಪ್ಪ ಆಗಿತ್ತು. ಬುಡದಲ್ಲಿ ಹಿಡಿತ ಇಲ್ಲದ್ದು ತಿರುವಿನಲ್ಲಿ ಹೊರಳದೆ ಇನ್ನೇನು ಮಾಡುತ್ತದೆ?

ಗಾಳಿ ಜಾಸ್ತಿ ಹೊಡೆದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಅಲುಗಾಟ ಕಡಿಮೆಯಾಗುವುದು ನಿಜ. ಆದರೆ ಸಪೂರ ಟೈರಿನಷ್ಟೇ ಗಾಳಿಯ ಒತ್ತಡದಲ್ಲಿ ದಪ್ಪ ಟೈರ್ ರಿಮ್ಮಿನ ಗೋಡೆಯನ್ನು ಹೊರಕ್ಕೆ ಇನ್ನೂ ಜೋರಾಗಿ ತಳ್ಳುತ್ತದೆ. ಇದು ರಿಮ್ಮಿಗೇ ಬ್ರೇಕ್ ಹಿಡಿಯುವ ಸೈಕಲ್. ನಮ್ಮ ಕಡೆಯ ಮಳೆ, ಮರಳು ಎರಡೂ ಸೇರಿ ಬ್ರೇಕ್ ರಬ್ಬರ್ ಆ ಗೋಡೆಯನ್ನು ಸವೆಸಿರುತ್ತದೆ. ಸವೆದ ಗೋಡೆ ಒಂದು ದಿನ ಬಿರುಕು ಬಿಟ್ಟರೆ? ಅದೂ ಘಟ್ಟ ಇಳಿಯುವಾಗ?

32ರ ಟೈರ್ ತರಿಸಿ ಹಾಕಿದೆ. ಮಾಸ್ತರರಿಂದ ಮತ್ತೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಗಲದ ಟೈರೇ ಬೇಕು ಅನ್ನುವುದಾದರೆ ರಿಮ್ ಬದಲಿಸಬೇಕು, ಕಡ್ಡಿ ಕಟ್ಟಬೇಕು, ಖರ್ಚು ಬೇರೆಯೇ ಆಗುತ್ತದೆ ಅಂತಲೂ ಹೇಳಿದೆ. ಆ 42ರ ಟೈರ್ ಜೋಡಿ ಎರಡು ತಿಂಗಳು ಮೊಳೆಗೆ ನೇತಾಡಿತು. ಆಮೇಲೆ ಒಳಅಗಲ 21 ಇದ್ದ ಒಂದು ಸೈಕಲ್ಲಿಗೆ ಹೋಯಿತು, ಲಕ್ಷಣವಾಗಿ ಕೂತಿತು.

ಉಲ್ಟಾ ಕೇಸೂ ಬರುತ್ತದೆ. ಒಬ್ಬ ಹುಡುಗ 29 ಇಂಚಿನ ಮೌಂಟನ್ ಬೈಕ್ ತಂದು "ಅಣ್ಣಾ, ಸ್ಪೀಡ್ ಬೇಕು, 28 ಮಿಲಿಮೀಟರಿನ ಸಪೂರ ಟೈರ್ ಹಾಕು" ಅಂದ. ವ್ಯಾಸ ಅದೇ 622, ಆದರೆ ಒಳಅಗಲ 30. ಟೈರಿಗಿಂತ ರಿಮ್ಮೇ ಅಗಲ! ಹೊಂಡಕ್ಕೆ ಬಿದ್ದರೆ ಪೆಟ್ಟು ನೇರ ರಿಮ್ಮಿಗೆ. ಟೈರ್ ಕಳಚಿಕೊಂಡರೂ ಆಶ್ಚರ್ಯ ಇಲ್ಲ. ಆಗೋದಿಲ್ಲ ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದ. ಬೇರೆಲ್ಲಾದರೂ ಹಾಕಿಸಿಕೊಂಡನೋ ಏನೋ.

ಈಗ ಯಾರು ಟೈರ್ ಕೇಳಿದರೂ ನಾನು ಮೊದಲು ಚಕ್ರ ಬಿಚ್ಚುತ್ತೇನೆ. ಅಳತೆಯನ್ನು ಚೀಟಿಯಲ್ಲಿ ಬರೆದು ಗಿರಾಕಿಗೂ ಕೊಡುತ್ತೇನೆ. ಮೊನ್ನೆ ಮಾಸ್ತರರು ಮತ್ತೆ ಬಂದಿದ್ದರು. "32 ಚೆನ್ನಾಗಿದೆ. ಒಂದು 35 ಹಾಕಿದ್ರೆ ಹೇಗೆ?" ಅಂದರು. ನಾನು ಕ್ಯಾಲಿಪರ್ ತೆಗೆದು ಅವರ ಕೈಗೇ ಕೊಟ್ಟೆ. ಗಣಿತದ ಮಾಸ್ತರರು. ಮನಸ್ಸಿನಲ್ಲೇ ಗುಣಿಸಿಕೊಂಡು, "ಬೇಡ ಬಿಡು, ಗಾಳಿ ಹೊಡಿ" ಅಂದರು.