ಅತ್ತೆ ನೋಡಿದ ಗುಳ್ಳೆಗಳು

ನಮ್ಮ ಮನೆಯಲ್ಲಿ ಗಾಳಿಯ ಟ್ಯಾಂಕ್ ಹೊತ್ತು ಸಮುದ್ರದೊಳಗೆ ಡೈವ್ ಮಾಡುವವರು ಇಬ್ಬರೇ, ನಾನು ಮತ್ತು ಮಗಳು. ನನ್ನ ಗಂಡ ಉಸಿರಾಡುವ ಕೊಳವೆ, ಅಂದರೆ ಸ್ನಾರ್ಕೆಲ್, ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತಾರೆ. ಅತ್ತೆಯ ಲೆಕ್ಕದಲ್ಲಿ ಸಮುದ್ರ ಇರುವುದು ದಡದಲ್ಲಿ ಕೂತು ನೋಡುವುದಕ್ಕೆ. ಹೀಗಾಗಿ ಚಳಿಗಾಲದ ರಜೆಗೆ ಬೆಚ್ಚಗಿನ ಜಾಗ ಹುಡುಕುವುದೇ ದೊಡ್ಡ ಪಂಚಾಯಿತಿ.

ಕೆಂಪು ಸಮುದ್ರದ ಹವಳ ಚೆಂದ. ಆದರೆ ಜನವರಿಯಲ್ಲಿ ಅಲ್ಲಿ ನೀರು 22 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ದೋಣಿಯ ಮೇಲೆ ಚಳಿಗಾಳಿ ಬೇರೆ. ಮಾಲ್ಡೀವ್ಸ್‌ನ ನೀರು ಬೆಚ್ಚಗಿದ್ದರೂ ಒಳ್ಳೆಯ ಡೈವ್‌ಗಳಿಗೆ ಹೆಚ್ಚಾಗಿ ದೋಣಿಯೇ ಗತಿ. ಮೆಕ್ಸಿಕೋದ ಕೊಝುಮೆಲ್‌ನಲ್ಲೂ ಅದೇ ಕಥೆ. ದೋಣಿ ಹತ್ತಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಉಳಿದವರು ಅಷ್ಟು ಹೊತ್ತು ಏನು ಮಾಡಬೇಕು? ಜಾಹೀರಾತುಗಳಲ್ಲಿ ಸ್ಪಾ ಇದೆ ಅಂತ ಬರೆದಿರುತ್ತಾರೆ. ನಮ್ಮ ಅತ್ತೆಗೆ ಸ್ಪಾ!

ಕೊನೆಗೆ ಬೊನೇರ್‌ಗೆ ಹೋದೆವು. ವೆನೆಜುವೆಲಾದಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕಿರುವ ಪುಟ್ಟ ಡಚ್ ದ್ವೀಪ, ನಡೆಯುವುದು ಮಾತ್ರ ಅಮೆರಿಕನ್ ಡಾಲರ್. ಗಾಳಿ ಸದಾ ಪೂರ್ವದಿಂದ ಬೀಸುವುದರಿಂದ ಪಶ್ಚಿಮ ದಡದ ನೀರು ಹೆಚ್ಚುಕಮ್ಮಿ ಯಾವಾಗಲೂ ಶಾಂತ. ಆ ದಡದ ಉದ್ದಕ್ಕೂ ರಸ್ತೆ. ರಸ್ತೆ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು, ಒಂದೊಂದರ ಮೇಲೂ ಒಂದೊಂದು ಡೈವ್ ಜಾಗದ ಹೆಸರು. ಪಿಕಪ್ ನಿಲ್ಲಿಸಿ, ಟ್ಯಾಂಕ್ ಬೆನ್ನಿಗೇರಿಸಿ, ನಡೆದುಕೊಂಡೇ ನೀರಿಗಿಳಿಯಬಹುದು. ಒಂದು ಗಂಟೆಯಲ್ಲಿ ವಾಪಸ್. ದ್ವೀಪದ ಸುತ್ತಲ ಸಮುದ್ರ 1979ರಿಂದ ಮರೀನ್ ಪಾರ್ಕ್, ಅಂದರೆ ಸಂರಕ್ಷಿತ ಪ್ರದೇಶ. ಅದರ ಶುಲ್ಕ ಕಟ್ಟಬೇಕು, ಮೊದಲ ಡೈವ್ ಎಲ್ಲ ಸರಿಯಿದೆಯೇ ಅಂತ ನೋಡಿಕೊಳ್ಳುವ ಪರೀಕ್ಷೆಯ ಡೈವ್ ಆಗಬೇಕು, ಕೈಗೆ ಗ್ಲೌಸ್ ಹಾಕುವಂತಿಲ್ಲ. ಹವಳಕ್ಕೆ ಹಾನಿ ಮಾಡುವ ಕೆಲವು ಸನ್‌ಸ್ಕ್ರೀನ್‌ಗಳಿಗೆ 2021ರಿಂದ ನಿಷೇಧ ಇದೆ, ಹಾಗಾಗಿ ತುಂಬು ತೋಳಿನ ಈಜುಡುಗೆ ಒಯ್ದರೆ ತಲೆನೋವಿಲ್ಲ.

ನಾವು ಉಳಿದುಕೊಂಡ ಜಾಗದ ಮುಂದೆಯೇ ಹವಳದ ದಿಬ್ಬ ಇತ್ತು. ಮೊದಲ ಡೈವ್ ಅಲ್ಲೇ ಮುಗಿಸಿ ಮೇಲೆ ಬಂದಾಗ ಅತ್ತೆ ಜೆಟ್ಟಿಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನಿನ್ನೂ ಫಿನ್ ಬಿಚ್ಚಿರಲಿಲ್ಲ.

"ಕೊನೇಲಿ ಅಲ್ಲಿ ಯಾಕೆ ನಿಂತುಬಿಟ್ರಿ?"

"ಎಲ್ಲಿ ಅತ್ತೆ?"

"ಅಲ್ಲೇ, ಆ ತೇಲೋ ಬುರುಡೆ ಹತ್ರ. ಗುಳ್ಳೆ ಮುಂದಕ್ಕೇ ಹೋಗ್ಲಿಲ್ಲ. ಒಂದು ಗುಂಪು ನಿಂದು, ಇನ್ನೊಂದು ಪುಟ್ಟೀದು. ಅವಳಿಗೇನೋ ಆಯ್ತು ಅಂದ್ಕೊಂಡೆ."

ನೀರು ಅಷ್ಟು ತಿಳಿಯಾಗಿತ್ತು, ಅಷ್ಟು ಶಾಂತವಾಗಿತ್ತು. ನಾವು ಎಲ್ಲಿ ತಿರುಗಿದೆವು, ಎಲ್ಲಿ ಮೀನು ನೋಡುತ್ತಾ ನಿಂತೆವು, ಎಲ್ಲವನ್ನೂ ಅವರು ಮೇಲಿನಿಂದಲೇ ಓದಿಕೊಂಡಿದ್ದರು. ನಾನು ಜೆಟ್ಟಿಯ ಮೆಟ್ಟಿಲ ಮೇಲೆ ಕೂತು ಸೇಫ್ಟಿ ಸ್ಟಾಪ್ ಬಗ್ಗೆ ಹೇಳಿದೆ. ಆಳದಲ್ಲಿ ಒತ್ತಡ ಜಾಸ್ತಿ, ಉಸಿರಾಡುವ ಗಾಳಿಯಲ್ಲಿನ ಸಾರಜನಕ ಮೈಯಲ್ಲಿ ಕರಗುತ್ತಾ ಹೋಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಅದು ಒಳಗೇ ಗುಳ್ಳೆಯಾಗಬಹುದು. ಅದಕ್ಕೇ, ಅದು ಉಸಿರಿನ ಜೊತೆ ಮೆಲ್ಲಗೆ ಹೊರಹೋಗಲಿ ಅಂತ, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುತ್ತೇವೆ.

ಅತ್ತೆ ಸ್ವಲ್ಪ ಯೋಚಿಸಿದರು. "ಅಂದ್ರೆ ಒಳಗೆ ಗುಳ್ಳೆ ಬರಬಾರದು ಅಂತ ಹೊರಗೆ ಗುಳ್ಳೆ ಬಿಡ್ತಾ ನಿಂತಿರ್ತೀರ."

ಇದಕ್ಕಿಂತ ಚೆನ್ನಾಗಿ ನನ್ನ ಇನ್‌ಸ್ಟ್ರಕ್ಟರ್ ಕೂಡ ಹೇಳಿರಲಿಲ್ಲ.

"ಪ್ರತಿ ಸಲ ನಿಲ್ತೀರಾ?"

"ಹೂಂ ಅತ್ತೆ."

"ಇಷ್ಟು ವರ್ಷ ಯಾರೂ ಹೇಳ್ಲಿಲ್ಲ ನಂಗೆ. ನೀವು ದೋಣಿ ಹತ್ತಿ ಹೋದ್ರೆ ನಾನು ರೂಮಲ್ಲಿ ಗಡಿಯಾರ ನೋಡ್ಕೊಂಡು ಕೂರ್ತಿದ್ದೆ. ಯಾವಾಗ ಬರ್ತಾರೋ ಅಂತ. ಇಲ್ಲಾದ್ರೆ ಗುಳ್ಳೆ ಕಾಣುತ್ತೆ."

ಅವರಿಗೆ ಡೈವಿಂಗ್ ಅಂದರೆ ಬೇಜಾರು ಅಂತಲೇ ನಾವೆಲ್ಲ ತಿಳಿದಿದ್ದೆವು. ನನ್ನ ಗಂಡ ತಾಯಿಯ ಮುಖ ನೋಡಿ ಸುಮ್ಮನಾದರು. ಮಾರನೇ ದಿನದಿಂದ ಅತ್ತೆ ಕೈಗೆ ವಾಚ್ ಕಟ್ಟಿಕೊಂಡೇ ಜೆಟ್ಟಿಗೆ ಬಂದರು. "ಇವತ್ತು ಎರಡೂವರೆ ನಿಮಿಷಕ್ಕೇ ಎದ್ದು ಬಂದ್ಳು ಪುಟ್ಟಿ" ಅಂತ ದೂರು ಬೇರೆ. ಆಳ, ಹೊತ್ತು ಲೆಕ್ಕ ಹಾಕುವ ಮಗಳ ಡೈವ್ ಕಂಪ್ಯೂಟರ್ 3 ನಿಮಿಷ ಅನ್ನುತ್ತಿತ್ತು. ಅತ್ತೆ ಒಪ್ಪಲಿಲ್ಲ.

ಆಮೇಲೊಂದು ಬೆಳಿಗ್ಗೆ ತಾವೇ ಮಾಸ್ಕ್ ಕೇಳಿದರು. ಲೈಫ್ ಜಾಕೆಟ್ ಹಾಕಿಕೊಂಡು, ಮಗನ ಕೈ ಹಿಡಿದು, ಎದೆಮಟ್ಟದ ನೀರಲ್ಲಿ ಮುಖ ಇಳಿಸಿದರು. ತಕ್ಷಣ ಎತ್ತಿದರು. "ಯಾರೋ ಕಲ್ಲುಸಕ್ಕರೆ ಕಡೀತಿದಾರೆ!" ಗಿಳಿಮೀನುಗಳ ಸದ್ದು ಅದು. ಹವಳಗಲ್ಲಿನ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತವೆ, ಅರೆದ ಕಲ್ಲನ್ನು ಮರಳಾಗಿ ಹೊರಹಾಕುತ್ತವೆ. ಅಲ್ಲಿ ಅವುಗಳನ್ನು ಹಿಡಿಯುವಂತಿಲ್ಲ.

ಎಲ್ಲವೂ ಚೆಂದವೇ ಅಂತೇನಿಲ್ಲ. ಹವಳವನ್ನು ಕೊಲ್ಲುವ ಒಂದು ರೋಗ 2023ರಲ್ಲಿ ಇಲ್ಲೂ ಕಾಣಿಸಿಕೊಂಡಿದೆ. ಮೆದುಳಿನ ಹಾಗೆ ಕಾಣುವ ದೊಡ್ಡ ಹವಳಗಳ ಮೇಲೆ ಬಿಳಿ ತೇಪೆ ನೋಡಿದರೆ ಸಂಕಟವಾಗುತ್ತದೆ. ಮರಳಿನ ಬೀಚ್ ಕಮ್ಮಿ, ದಡದ ತುಂಬ ಹವಳದ ಚೂರು.

ಆ ಚೂರಿನ ಮೇಲೆ ನನ್ನ ಗಂಡ ಬರಿಗಾಲಲ್ಲಿ ನಡೆದ ಕಥೆ ಹೇಳಲೇಬೇಕು. 'ಸಾವಿರ ಮೆಟ್ಟಿಲು' ಅಂತ ಒಂದು ಜಾಗ. ಇರುವುದು ನೂರೂ ಇಲ್ಲ, ಟ್ಯಾಂಕ್ ಹೊತ್ತು ಹತ್ತುವಾಗ ಸಾವಿರ ಅನ್ನಿಸುತ್ತದೆ. ಪಿಕಪ್ ಮೇಲೆ ರಸ್ತೆಯಲ್ಲಿ, ನಾವು ಕೆಳಗೆ ನೀರಲ್ಲಿ. ವಾಪಸ್ ಬಂದಾಗ ಗಾಡಿಯಲ್ಲಿಟ್ಟಿದ್ದ ಅವರ ಚಪ್ಪಲಿ, ಟವೆಲ್ ಎರಡೂ ಮಾಯ. ಹಳೇ ಚಪ್ಪಲಿ ಕದ್ದವನಿಗೆ ಏನು ಸಿಕ್ಕಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿ ಹೋಗುವವರು ಗಾಡಿಯಲ್ಲಿ ಒಂದು ಕರ್ಚೀಫೂ ಬಿಡಬೇಡಿ. ಕಿಟಕಿ ಇಳಿಸಿ, ಬೀಗ ಹಾಕದೆ ಹೋಗುವುದೇ ಅಲ್ಲಿನ ರೂಢಿ, ಇಲ್ಲದಿದ್ದರೆ ಗಾಜೂ ಹೋಗುತ್ತದೆ. ಸ್ನಾರ್ಕೆಲ್ ಮಾಡುವವರೂ ಗಟ್ಟಿ ತಳದ ಬೂಟಿ ಹಾಕಿಕೊಂಡೇ ನೀರಿಗಿಳಿಯಲಿ.

ದಕ್ಷಿಣದಲ್ಲಿ ಗುಲಾಬಿ ಬಣ್ಣದ ಉಪ್ಪಿನ ಕಟ್ಟೆಗಳ ಪಕ್ಕ ಗುಲಾಮರ ಗುಡಿಸಲುಗಳಿವೆ. 1850ರ ಸುಮಾರಿನವು, ಬಗ್ಗಿಯೇ ಒಳಗೆ ನುಸುಳಬೇಕು. ಅವುಗಳ ಹೆಸರಲ್ಲೇ ಒಂದು ಡೈವ್ ಜಾಗವೂ ಇದೆ. ಆ ಹಳದಿ ಕಲ್ಲಿನ ಮುಂದೆ ನಿಂತು ಗೇರ್ ಹಾಕಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮುಂದಕ್ಕೆ ಹೋದೆವು.

ಮೈಯಲ್ಲಿ ಉಳಿದ ಸಾರಜನಕದ ಕಾರಣಕ್ಕೇ ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಡೈವ್ ಮಾಡಬಾರದು. ಆ ಕೊನೆಯ ದಿನವನ್ನು ಮೊದಲೇ ಮನೆಯವರಿಗೆ ಅಂತ ಎತ್ತಿಟ್ಟರೆ ಯಾರಿಗೂ ಮುನಿಸಿಲ್ಲ. ನಾವು ವಾಟರ್ ಟ್ಯಾಕ್ಸಿಯಲ್ಲಿ ಎದುರಿನ ಕ್ಲೈನ್ ಬೊನೇರ್‌ಗೆ ಹೋದೆವು. ಅದು ಜನವಸತಿ ಇಲ್ಲದ ಚಪ್ಪಟೆ ದ್ವೀಪ. ದೋಣಿಯ ಪಕ್ಕದಲ್ಲೇ ಒಂದು ಆಮೆ ಆಳದಿಂದ ಸೀದಾ ಮೇಲೆ ಬಂದು, ಮೂಗು ಹೊರಗಿಟ್ಟು, ಉಸಿರೆಳೆದುಕೊಂಡು ಮತ್ತೆ ಇಳಿಯಿತು.

"ಇದು ಎಲ್ಲೂ ನಿಲ್ಲಲೇ ಇಲ್ವಲ್ಲ," ಅಂದರು ಅತ್ತೆ. "ಇದಕ್ಕೇನೂ ಆಗಲ್ವಾ?"

"ಅದು ಕೆಳಗೆ ಉಸಿರಾಡಲ್ಲ ಅತ್ತೆ. ಮೇಲೆ ಎಳೆದುಕೊಂಡ ಒಂದೇ ಉಸಿರಲ್ಲಿ ಹೋಗಿ ಬರುತ್ತೆ."

"ನೀವೂ ಹಾಗೇ ಮಾಡಬಾರದಾ? ಅಷ್ಟು ಭಾರ ಹೊರೋದಾದ್ರೂ ತಪ್ಪುತ್ತೆ."