ಜೋರು ಅಂದ್ರೆ ಎಷ್ಟು ಜೋರು, ಮೆಲ್ಲಗೆ ಅಂದ್ರೆ ಎಷ್ಟು ಮೆಲ್ಲಗೆ?

ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಲಿನ ಕೆಳಗೆ ‘ಪಿ’ ಇದ್ದರೆ ಮೆಲ್ಲಗೆ, ‘ಎಫ್’ ಇದ್ದರೆ ಜೋರಾಗಿ. ಅಕ್ಷರ ಎರಡಾದರೆ ಇನ್ನೂ ಮೆಲ್ಲಗೆ, ಇನ್ನೂ ಜೋರು. ಇಷ್ಟು ಬೇಗ ಗೊತ್ತಾಗುತ್ತದೆ. ಆಮೇಲೆ ಕೇಳುತ್ತಾರೆ: ‘ಪಿ’ ಅಂದ್ರೆ ಎಷ್ಟು ಡೆಸಿಬೆಲ್ (ಸದ್ದನ್ನು ಅಳೆಯುವ ಮಾನ)? ಫೋನಿನಲ್ಲಿ ಅಳೆದು ಅಭ್ಯಾಸ ಮಾಡಬಹುದಾ?

ಅಳೆಯಬಹುದು, ಆದರೆ ಆ ಅಂಕಿ ಹಿಡಿದು ನುಡಿಸಲು ಆಗುವುದಿಲ್ಲ. ‘ಪಿ’ಗೆ ಇಷ್ಟೇ ಡೆಸಿಬೆಲ್ ಅಂತ ಯಾರೂ ಗೊತ್ತುಮಾಡಿಲ್ಲ. ಟ್ರಂಪೆಟ್ ಮೆಲ್ಲಗೆ ಊದಿದರೂ ಅದರ ಸದ್ದು ಫ್ಲೂಟಿನ ತೀರ ಕೆಳಗಿನ ಸ್ವರಗಳನ್ನು ಮುಚ್ಚಿಬಿಡಬಹುದು. ಅದೇ ವಾದ್ಯ ಚಿಕ್ಕ ಕೋಣೆಯಲ್ಲಿ ಒಂದು ತರ, ದೊಡ್ಡ ಸಭಾಂಗಣದಲ್ಲಿ ಇನ್ನೊಂದು ತರ. ಒಂದು ಸ್ವರ ಜೋರೋ ಮೆತ್ತಗೋ ಅನ್ನುವುದನ್ನು ಕಿವಿ ತೀರ್ಮಾನಿಸುವುದು ಅದರ ಹಿಂದೆ ಮುಂದೆ ಏನಿದೆ ಅನ್ನುವುದರಿಂದ.

ಪಾಶ್ಚಾತ್ಯ ಸಂಗೀತ ರಚನಕಾರ ಹೈಡನ್ 1791ರಲ್ಲಿ ಬರೆದ 94ನೇ ಸಿಂಫನಿಯ (ವಾದ್ಯವೃಂದಕ್ಕಾಗಿ ಬರೆದ ದೊಡ್ಡ ಕೃತಿಯ) ಎರಡನೇ ಭಾಗ ಕೇಳಿ. ತುಂಬಾ ಸರಳವಾದ ಒಂದು ರಾಗ ಮೆಲ್ಲಗೆ ಶುರುವಾಗುತ್ತದೆ. ಅದನ್ನೇ ಇನ್ನೊಮ್ಮೆ, ಮೊದಲಿಗಿಂತಲೂ ಮೆತ್ತಗೆ ನುಡಿಸುತ್ತಾರೆ. ಕಿವಿ ಮುಂದಕ್ಕೆ ಬಾಗುತ್ತದೆ. ಆಗ ಇಡೀ ವಾದ್ಯವೃಂದ ಒಟ್ಟಿಗೆ ಒಂದೇ ಪೆಟ್ಟು ಕೊಡುತ್ತದೆ! ಅದೇ ಪೆಟ್ಟು ಜೋರಾದ ಸಾಲಿನ ನಡುವೆ ಬಂದಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ. ಅದರ ಬಲವನ್ನು ಕೂಡಿಟ್ಟದ್ದು ಅದಕ್ಕೆ ಮೊದಲಿನ ಆ ಮೆಲುದನಿ.

ಇನ್ನೂ ಒಂದು ವಿಷಯವಿದೆ. ಕಿವಿ ಶಕ್ತಿಯ ಲೆಕ್ಕಕ್ಕೆ ಸರಿಸಮವಾಗಿ ನಡೆಯುವುದಿಲ್ಲ. ಒಂದು ವಯಲಿನ್ ಇದ್ದಲ್ಲಿ 10 ವಯಲಿನ್ ಸೇರಿದರೆ ಶಕ್ತಿ 10 ಪಟ್ಟು. ಅಂದ್ರೆ 10 ಡೆಸಿಬೆಲ್ ಜಾಸ್ತಿ. ಕಿವಿಗೆ ಮಾತ್ರ ಅದು ಹೆಚ್ಚು ಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ಸುಮ್ನೆ ಬಲ ಹಾಕುತ್ತಾ ಹೋದರೆ ಬೇಗ ಸುಸ್ತಾಗುತ್ತೇವೆ, ಕೇಳುವವರಿಗೆ ಸಿಗುವ ವ್ಯತ್ಯಾಸ ಅಷ್ಟಕ್ಕಷ್ಟೇ. ಜೋರು ಬೇಕಾದರೆ ಮೊದಲು ಮೆಲ್ಲಗೆ ಇರುವುದನ್ನು ಇನ್ನೂ ಮೆಲ್ಲಗೆ ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಜೋರಾದಾಗ ಸದ್ದಿನ ಪ್ರಮಾಣದ ಜೊತೆ ನಾದದ ಬಣ್ಣವೂ ಬದಲಾಗುತ್ತದೆ. ಯಾರೋ ಕೂಗಿದ್ದನ್ನು ರೆಕಾರ್ಡ್ ಮಾಡಿ, ವಾಲ್ಯೂಮ್ ತೀರ ಇಳಿಸಿ ಕೇಳಿ. ಅದು ಆಗಲೂ ಕೂಗೇ, ಅಲ್ವಾ? ಪಿಸುಮಾತನ್ನು ಎಷ್ಟು ಏರಿಸಿದರೂ ಅದು ಪಿಸುಮಾತೇ. ವಾದ್ಯಗಳಲ್ಲೂ ಹೀಗೇ. ಪಿಯಾನೋದ ಕೀಯನ್ನು ಮೆಲ್ಲಗೆ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆಯ ಮೇಲಿನ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ಹೊದಿಕೆ) ತಂತಿಯನ್ನು ಮೃದುವಾಗಿ ಮುಟ್ಟುತ್ತದೆ, ನಾದ ದುಂಡಗಿರುತ್ತದೆ. ಬಲವಾಗಿ ಹೊಡೆದರೆ ಅದೇ ಫೆಲ್ಟ್ ಅದುಮಿಕೊಂಡು ಗಟ್ಟಿಯಾಗುತ್ತದೆ. ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಉಪಸ್ವರಗಳು ಜಾಸ್ತಿಯಾಗಿ ನಾದಕ್ಕೆ ಹೊಳಪು, ಚೂಪು ಬರುತ್ತದೆ. ಟ್ರಂಪೆಟ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕೇಳುತ್ತದೆ. ಅದಕ್ಕೇ ವಾಲ್ಯೂಮ್ ಗುಂಡಿ ತಿರುಗಿಸುವುದೂ ಮೆಲ್ಲಗೆ ನುಡಿಸುವುದೂ ಒಂದೇ ಅಲ್ಲ.

ವಾಲ್ಯೂಮ್ ಇಳಿಸಿದಾಗ ರೆಕಾರ್ಡಿಂಗ್ ಯಾಕೆ ಸಪ್ಪೆಯಾಗುತ್ತದೆ ಅಂತಲೂ ಕೆಲವರು ಕೇಳುತ್ತಾರೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಸಂಶೋಧಕರು ಇದನ್ನು ಅಳೆದು ತೋರಿಸಿದರು. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ತಗ್ಗಿನ (ಮಂದ್ರದ) ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ.

ಎಲ್ಲ ವಾದ್ಯಗಳಿಗೂ ಈ ಏರಿಳಿತ ಒಲಿದಿಲ್ಲ. ಹಾರ್ಪ್ಸಿಕಾರ್ಡ್ ಪಿಯಾನೋ ತರಹ ಕೀಗಳಿರುವ, ಆದರೆ ಕೀ ಒತ್ತಿದಾಗ ಒಳಗೆ ತಂತಿಯನ್ನು ಮೀಟುವ ವಾದ್ಯ. ಬೆರಳು ಎಷ್ಟೇ ಬಲ ಹಾಕಿದರೂ ಸದ್ದು ಹೆಚ್ಚು ಬದಲಾಗುವುದಿಲ್ಲ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಮೀಟುವ ಬದಲು ಸುತ್ತಿಗೆಯಿಂದ ಹೊಡೆಯುವ ವಾದ್ಯ ಮಾಡಿದ. ಬೆರಳಿನ ಬಲ ನೇರವಾಗಿ ನಾದಕ್ಕೆ ಇಳಿಯಲು ದಾರಿಯಾಯಿತು. ಅದೇ ಪಿಯಾನೋ ಆಗಿ ಬೆಳೆಯಿತು.

ಈಗ ನುಡಿಸುವ ಕೈಗೆ ಬರೋಣ. ‘ಪಿ’ ಕಂಡ ಕೂಡಲೇ ಕಲಿಯುವವರ ಲಯ ನಿಧಾನವಾಗುತ್ತದೆ, ‘ಎಫ್’ ಕಂಡರೆ ಓಟ ಶುರು. ಮೆಟ್ರೊನೋಮ್ (ಒಂದೇ ಸಮನೆ ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ) ಹಾಕಿಕೊಂಡರೆ ಇದು ಕೂಡಲೇ ಗೊತ್ತಾಗುತ್ತದೆ. ಮೆಲ್ಲಗೆ ಅಂದ್ರೆ ಸಡಿಲ ಅಂತಲೂ ತಿಳಿಯಬೇಡಿ. ವಯಲಿನ್‌ನಲ್ಲಿ ಮೆಲುದನಿ ಬೇಕಾದರೆ ಕಮಾನಿನ ಮೇಲೆ ಹಿಡಿತ ಹೆಚ್ಚೇ ಬೇಕು. ಊದುವ ವಾದ್ಯಗಳಲ್ಲಿ ಉಸಿರು ಸಡಿಲವಾದರೆ ಶ್ರುತಿಯೇ ಜಾರುತ್ತದೆ.

ಕ್ರೆಶೆಂಡೊ ಗುರುತಿನಲ್ಲೂ ಹೆಚ್ಚಿನವರು ಎಡವುತ್ತಾರೆ. ಅಲ್ಲಿಂದ ಸದ್ದು ಏರಬೇಕು, ನಿಜ. ಆದರೆ ಗುರುತು ಶುರುವಾಗುವ ಕಡೆ ನೀವು ಇನ್ನೂ ಮೆಲ್ಲಗೇ ಇರಬೇಕು. ಮೊದಲ ಸ್ವರಕ್ಕೇ ಜೋರಾದರೆ ಏರಲು ಜಾಗ ಉಳಿಯುವುದಿಲ್ಲ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಒಂದೇ ಸ್ವರ ಹಿಡಿಯಿರಿ. ಕೇಳುವಷ್ಟು ಕನಿಷ್ಠದಿಂದ ಶುರುಮಾಡಿ, ಎಂಟು ಎಣಿಕೆಯಲ್ಲಿ ಏರಿಸಿ, ಎಂಟರಲ್ಲಿ ಇಳಿಸಿ. ಪಿಯಾನೋ ಆದರೆ ಅದೇ ಕೀಯನ್ನು ಪ್ರತಿ ಎಣಿಕೆಗೂ ಒತ್ತಿ. ಇಳಿಯುವ ಎಂಟು ಯಾವಾಗಲೂ ಕಷ್ಟ, ಮೂರನೇ ಎಣಿಕೆಗೇ ದನಿ ತಟಕ್ಕನೆ ಬಿದ್ದುಹೋಗುತ್ತದೆ. ಆ ಮೂರು, ನಾಲ್ಕನೇ ಎಣಿಕೆಗಳಿಗೇ ಜಾಸ್ತಿ ಹೊತ್ತು ಕೊಡಿ.