ಅಂಗಾತ ತೇಲೋ ಗೋಲ್ಡ್‌ಫಿಶ್‌ಗೆ ಮೊದಲು ಔಷಧಿ ಅಲ್ಲ, ನೀರು

ಗೋಲ್ಡ್‌ಫಿಶ್ ಅಂಗಾತ ತೇಲೋಕೆ ಶುರು ಮಾಡಿದ್ರೆ ಸಾಕು, ಮನೇಲಿರೋರೆಲ್ಲ "ಹೋಯ್ತು ಬಿಡು" ಅಂದ್ಬಿಡ್ತಾರೆ. ನಮ್ಮನೇಲೂ ಅಂದ್ರು. ಗುಂಡ (ಒರಾಂಡಾ ಜಾತಿಯವನು, ತಲೆ ಮೇಲೆ ಮಾಂಸದ ಗಡ್ಡೆ, ಮಿಕ್ಕಿದ್ದೆಲ್ಲ ಹೊಟ್ಟೆ) ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ದ ನಿಜ, ಆದ್ರೆ ಕಿವಿರು ಆಡ್ತಿತ್ತು, ಕಣ್ಣು ನನ್ನ ಕಡೆ ತಿರುಗ್ತಿತ್ತು, ಪಕ್ಕದ ರೆಕ್ಕೆಗಳನ್ನ ಬಡಿದು ಬಡಿದು ಹೇಗೋ ಮಗುಚ್ಕೊಂಡು ನೆಟ್ಟಗಾಗೋನು, ರೆಕ್ಕೆ ನಿಲ್ಸಿದ್ರೆ ಮತ್ತೆ ಬುಡಮೇಲು. ನೀರಿಂದ ಆಚೆ ಇದ್ದ ಹೊಟ್ಟೆ ಭಾಗ ಒಣಗಿ ಒಂದು ಕಡೆ ಕೆಂಪಗಾಗಿತ್ತು. ಇಷ್ಟು ಒದ್ದಾಡ್ತಿರೋನ್ನ ಹೋಯ್ತು ಅಂತ ಕೈಬಿಡೋದು ಹೇಗೆ ಹೇಳಿ.

ಇಂಥ ಹೊತ್ತಲ್ಲಿ ಯಾರನ್ನ ಕೇಳಿದ್ರೂ ಒಂದೇ ಉತ್ತರ, ಸ್ವಿಮ್ ಬ್ಲಾಡರ್ (ಮೀನು ನೀರಲ್ಲಿ ತೇಲೋಕೆ ಹೊಟ್ಟೆಯೊಳಗಿರೋ ಗಾಳಿಚೀಲ) ಕಾಯಿಲೆ, ನೀಲಿ ಔಷಧಿ ಹಾಕಿ. ನನ್ನ ಕೇಳಿದ್ರೆ ಸ್ವಿಮ್ ಬ್ಲಾಡರ್ ಅನ್ನೋದು ಕಾಯಿಲೆ ಹೆಸರೇ ಅಲ್ಲ, ಜ್ವರ ಅಂದಂಗೆ ಅದು, ಬರೀ ಲಕ್ಷಣ. ಹಿಂದೆ ಮಲಬದ್ಧತೆ ಇರಬಹುದು, ಸೋಂಕಿರಬಹುದು, ಹುಟ್ಟಿನಿಂದ್ಲೇ ಮೈಕಟ್ಟು ಹಾಗಿರಬಹುದು, ಅಥವಾ ನೀರೇ ಕೆಟ್ಟಿರಬಹುದು. ಆ ನೀಲಿ ಔಷಧಿ, ಅಂದ್ರೆ ಮೆಥಿಲೀನ್ ಬ್ಲೂ, ಫಂಗಸ್‌ಗೆ ಒಳ್ಳೇದೇ, ನಾನೇನು ಬೇಡ ಅನ್ನಲ್ಲ, ಆದ್ರೆ ಅದನ್ನ ಸೀದಾ ಟ್ಯಾಂಕಿಗೇ ಸುರಿದ್ರೆ ಫಿಲ್ಟರಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾನೂ ಹೊಡೆದು ಹಾಕತ್ತೆ, ಜೊತೆಗೆ ಗಾಜಿನ ಅಂಚಿನ ಸಿಲಿಕಾನ್ ಎಲ್ಲ ನೀಲಿ ಆಗಿ ಕೂರತ್ತೆ. ಕೊಡಲೇಬೇಕು ಅಂದ್ರೆ ಬೇರೆ ಟಬ್ಬಲ್ಲಿ ಕೊಡಿ.

ನಾನು ಮೊದಲು ತೆಗೆದಿದ್ದು ನೀರು ಪರೀಕ್ಷೆ ಮಾಡೋ ಟೆಸ್ಟ್ ಕಿಟ್. ಅಮೋನಿಯಾ ಟ್ಯೂಬ್ ಹಳದಿಯಾಗಿ ಇರಬೇಕಿತ್ತು, ನೋಡ್ತಾ ನೋಡ್ತಾ ಹಸಿರಾಯ್ತು, ಅಂದ್ರೆ ನೀರಲ್ಲಿ ಅಮೋನಿಯಾ ಇದೆ. ಹಿಂದಿನ ರಾತ್ರಿ ಫಿಲ್ಟರ್ ಮೋಟಾರ್ ಕೆಟ್ಟು ನಿಂತಿತ್ತು, ನೀರು ಹರಿಯದೆ ಸ್ಪಂಜಲ್ಲಿರೋ ಬ್ಯಾಕ್ಟೀರಿಯಾಕ್ಕೆ ಆಕ್ಸಿಜನ್ ಸಿಗಲ್ಲ, ಅವು ಸಾಯ್ತಾ ಹೋಗ್ತವೆ, ಆದ್ರೆ ಮೀನು ಕಿವಿರಿಂದ ಅಮೋನಿಯಾ ಬಿಡೋದೇನೂ ನಿಲ್ಸಲ್ಲವಲ್ಲ. ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾನ ನೈಟ್ರೈಟ್ ಮಾಡತ್ತೆ, ಇನ್ನೊಂದು ಅದನ್ನ ನೈಟ್ರೇಟ್ ಮಾಡತ್ತೆ, ಈ ಕೊಂಡಿ ಕಳಚಿದ್ರೆ ಮೀನು ತನ್ನ ಗಲೀಜಲ್ಲೇ ಉಸಿರಾಡಬೇಕು. ನೀರಿನ ಪಿಎಚ್ ಜಾಸ್ತಿ ಇದ್ರಂತೂ ಅಷ್ಟೇ ಅಮೋನಿಯಾ ಇನ್ನೂ ವಿಷ.

ಅರ್ಧ ನೀರು ಬದಲಾಯಿಸಿದೆ, ಹೊಸ ನೀರು ಹಳೇ ನೀರಿನಷ್ಟೇ ತಣ್ಣಗಿರೋ ಹಾಗೆ ನೋಡ್ಕೊಂಡು, ನಲ್ಲಿ ನೀರಿನ ಕ್ಲೋರಿನ್ ತೆಗೆಯೋ ಡಿಕ್ಲೋರಿನೇಟರ್ ಹಾಕಿ. ನೀರನ್ನ ಒಂದು ರಾತ್ರಿ ಬಕೆಟಲ್ಲಿ ಇಟ್ರೆ ಸಾಕು ಅಂತ ತುಂಬ ಜನ ನಂಬಿದಾರೆ, ಬರೀ ಕ್ಲೋರಿನ್ ಆದ್ರೆ ಹಾರಿ ಹೋಗತ್ತೆ, ಕ್ಲೋರಮೈನ್ (ಕ್ಲೋರಿನ್ ಅಮೋನಿಯಾ ಸೇರಿ ಆಗೋದು) ಇದ್ರೆ ಹಾಗೆಲ್ಲ ಹೋಗಲ್ಲ ಕಣ್ರೀ. ನೀರಿಗೆ ಗಾಳಿ ಗುಳ್ಳೆ ಬಿಡೋ ಏರ್ ಸ್ಟೋನ್ ಜೋರು ಮಾಡಿದೆ.

ಮಾರನೇ ದಿನಕ್ಕೆ ಏದುಸಿರು ಕಮ್ಮಿ ಆಯ್ತು, ಆದ್ರೆ ಬುಡಮೇಲಾಗೋದು ಹೋಗ್ಲಿಲ್ಲ. ಅಂದ್ರೆ ನೀರಿನ ಜೊತೆ ಹೊಟ್ಟೇದೂ ಏನೋ ಇದೆ. ಗೋಲ್ಡ್‌ಫಿಶ್‌ಗೆ ನಮ್ಮ ಥರ ಜಠರ ಅಂತ ಇಲ್ಲ, ತಿಂದಿದ್ದು ಸೀದಾ ಕರುಳಿಗೆ. ಗಾಳಿಚೀಲಕ್ಕೂ ಅನ್ನನಾಳಕ್ಕೂ ಒಂದು ಸಣ್ಣ ಕೊಳವೆ ಬೇರೆ ಇದೆ. ಒರಾಂಡಾ ಥರದ ಗುಂಡು ಮೀನುಗಳಲ್ಲಿ ಇದೆಲ್ಲ ಒಂದರ ಮೇಲೊಂದು ಒತ್ಕೊಂಡಿರತ್ತೆ, ಕರುಳು ಸ್ವಲ್ಪ ಉಬ್ಬಿದ್ರೂ ಬ್ಯಾಲೆನ್ಸ್ ಹೋಯ್ತು. ಅದಕ್ಕೇ ಊಟ ಪೂರ್ತಿ ಬಂದ್. ಎರಡು ಮೂರು ದಿನ ಉಪವಾಸ ಇದ್ರೆ ದೊಡ್ಡ ಗೋಲ್ಡ್‌ಫಿಶ್‌ಗೆ ಏನೂ ಆಗಲ್ಲ, ಅದನ್ನ ನೋಡ್ತಾ ಕೂರೋ ನಮಗೇ ಕಷ್ಟ.

ಆಮೇಲೆ ಬಟಾಣಿ. ಬೇಯಿಸಿ, ಸಿಪ್ಪೆ ತೆಗೆದು, ಉಗುರಲ್ಲಿ ಚಿವುಟಿ ಚೂರು ಮಾಡಿ ಬಾಯಿ ಹತ್ರ ಬಿಟ್ರೆ ಒಳಗೆ ಎಳ್ಕೊಂಡ, ಪುಸಕ್ ಅಂತ ಉಗಿದ, ಮತ್ತೆ ಎಳ್ಕೊಂಡ, ಮತ್ತೆ ಉಗಿದ, ಕೊನೆಗೆ ಯಾವ ಮಾಯದಲ್ಲೋ ನುಂಗಿದ, ಅದೂ ತಲೆಕೆಳಗಾಗೇ. ಬಟಾಣಿ ಮಂತ್ರದಂಡ ಏನಲ್ಲ, ನಾರಿದೆ ಅಷ್ಟೇ. ಸಂಜೆ ಹೊತ್ತಿಗೆ ಹಿಂದೆ ಉದ್ದಕ್ಕೆ ಹಸಿರು ಎಳೆ ನೇತಾಡ್ತಿತ್ತು, ನಾವು ಮನೆಮಂದಿಯೆಲ್ಲ ಕರೆದು ಕರೆದು ತೋರಿಸ್ಕೊಂಡ್ವಿ, ಮೀನು ಸಾಕದೋರಿಗೆ ಈ ಸಂಭ್ರಮ ಹೇಳಿದ್ರೆ ಅರ್ಥ ಆಗಲ್ಲ ಬಿಡಿ.

ಮೈ ಉಬ್ಬಿ ಹುರುಪೆ ಎಲ್ಲ ಎದ್ದು ನಿಂತಿದ್ರೆ ಮಾತ್ರ ಕಥೆ ಬೇರೆ, ಅದು ಡ್ರಾಪ್ಸಿ, ಕಿಡ್ನಿ ಕೈಕೊಟ್ಟಿರೋ ಲಕ್ಷಣ, ಅಲ್ಲಿಂದ ವಾಪಸ್ ಬರೋ ಮೀನು ಕಮ್ಮಿ, ಬಟಾಣಿ ಹಿಡ್ಕೊಂಡು ಕೂತ್ರೆ ಪ್ರಯೋಜನ ಇಲ್ಲ. ಇನ್ನು ಗಂಡು ಮೀನಿನ ಕಿವಿರು ಮುಚ್ಚಳದ ಮೇಲೆ ಮಾತ್ರ ಸಾಲಾಗಿ ಬಿಳಿ ಚುಕ್ಕೆ ಬಂದಿದ್ರೆ ವೈಟ್ ಸ್ಪಾಟ್ ಕಾಯಿಲೆ ಅಂತ ಗಾಬರಿ ಬೀಳಬೇಡಿ, ಮರಿ ಮಾಡೋ ಕಾಲಕ್ಕೆ ಅವಕ್ಕೆ ಹಾಗೆ ಬರತ್ತೆ.

ಗುಂಡ ಈಗ ನೆಟ್ಟಗೆ ಈಜ್ತಾನೆ, ಊಟ ಆದ್ಮೇಲೆ ಸ್ವಲ್ಪ ಹೊತ್ತು ಬಾಲ ಮೇಲೆ ಹೋಗತ್ತೆ, ಆಮೇಲೆ ಸರಿ ಹೋಗತ್ತೆ. ಈ ಮೈಕಟ್ಟಿಗೆ ಅದು ಪೂರ್ತಿ ಹೋಗತ್ತೆ ಅನ್ನೋ ಆಸೆ ನನಗಿಲ್ಲ. ತೇಲೋ ಫುಡ್ ಬಿಟ್ಟು ಮುಳುಗೋ ಪೆಲೆಟ್ ತಂದಿದೀವಿ, ಮೇಲ್ಗಡೆ ಬಾಯಿ ಹಾಕಿ ಗಾಳಿ ನುಂಗೋದು ತಪ್ಪಲಿ ಅಂತ, ಅದನ್ನೂ ನೆನೆಸಿಯೇ ಹಾಕೋದು. ಅಮೋನಿಯಾ ಸೊನ್ನೆಗೆ ಬಂದಿದೆ, ನೈಟ್ರೈಟ್ ಇನ್ನೂ ಚೂರು ತೋರಿಸ್ತಿದೆ, ಅದಕ್ಕೆ ಲೀಟರ್‌ಗೆ 1 ಗ್ರಾಂ ಲೆಕ್ಕದಲ್ಲಿ ಉಪ್ಪು ಇಟ್ಟಿದೀನಿ, ಉಪ್ಪಲ್ಲಿರೋ ಕ್ಲೋರೈಡ್ ನೈಟ್ರೈಟನ್ನ ಕಿವಿರಿಂದ ರಕ್ತಕ್ಕೆ ಹೋಗದಂಗೆ ತಡೀತದೆ. ಉಪ್ಪು ಆವಿಯಾಗಿ ಹೋಗಲ್ಲ, ಹಾಗಾಗಿ ನೀರು ಬದಲಾಯಿಸುವಾಗ ಎಷ್ಟು ನೀರು ತೆಗೆದ್ರೋ ಅಷ್ಟಕ್ಕೆ ಮಾತ್ರ ಉಪ್ಪು ಹಾಕಿ, ಇಡೀ ಟ್ಯಾಂಕಿನ ಲೆಕ್ಕಕ್ಕಲ್ಲ.